ಹದಿಮೂರು ವರ್ಷ ಬಿಬಿಸಿ ನೋಡಿದ ಮೇಲೆ: ನನ್ನ ಲೈಸೆನ್ಸ್ ಹಣ ಮತ್ತು ಅಪ್ಪನ ಸ್ನೂಕರ್

ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಮನೆ ಮಾಡಿದ್ದು 2012ರ ಮೇ ತಿಂಗಳಲ್ಲಿ. ಆಗ ಟಿವಿ ಲೈಸೆನ್ಸ್, ಅಂದರೆ ಬಿಬಿಸಿ ನಡೆಯೋಕೆ ಮನೆಮನೆಯವರು ಕಟ್ಟುವ ಹಣ, ವರ್ಷಕ್ಕೆ 145 ಪೌಂಡ್ 50 ಪೆನ್ಸ್. ಟಿವಿ ನೋಡೋಕೂ ಲೈಸೆನ್ಸಾ ಎಂದು ಅಪ್ಪ ಫೋನಿನಲ್ಲಿ ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ ಅವರಿಗೇ ನೆನಪಾಯಿತು. ನಮ್ಮಲ್ಲೂ ಒಂದು ಕಾಲಕ್ಕೆ ರೇಡಿಯೋಗೆ ಲೈಸೆನ್ಸ್ ಇತ್ತು, ಅಂಚೆ ಕಚೇರಿಗೆ ಹೋಗಿ ಪುಸ್ತಕದಲ್ಲಿ ಸ್ಟ್ಯಾಂಪ್ ಅಂಟಿಸಿಕೊಂಡು ಬರಬೇಕಿತ್ತು ಅಂದರು.

2025ರ ಏಪ್ರಿಲ್‌ನಲ್ಲಿ ಅದೇ ಲೈಸೆನ್ಸ್ 174 ಪೌಂಡ್ 50 ಪೆನ್ಸ್ ಆಯಿತು. ಒಂದು ವರ್ಷವೂ ತಪ್ಪಿಸದೆ ಕಟ್ಟಿದ್ದೇನೆ. ಇಲ್ಲಿಗೆ ಹೊಸದಾಗಿ ಬರುವ ನಮ್ಮವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ಕಟ್ಟಲೇಬೇಕಾ? ಯಾವುದೇ ಚಾನೆಲ್ಲನ್ನು ನೇರ ಪ್ರಸಾರದಲ್ಲಿ ನೋಡಿದರೆ ಬೇಕು. ಇಂಟರ್ನೆಟ್‌ನಲ್ಲಿ ಬಿಬಿಸಿ ಕಾರ್ಯಕ್ರಮ ತೋರಿಸುವ ಐಪ್ಲೇಯರ್ ನೋಡಿದರೂ ಬೇಕು. ನೆಟ್‌ಫ್ಲಿಕ್ಸ್‌ನಲ್ಲಿ ಸಿನಿಮಾ ಮಾತ್ರ ನೋಡ್ತೀನಿ ಅನ್ನುವವರಿಗೆ ಬೇಡ. ನಿಯಮ ಇಷ್ಟೇ. ಕಟ್ಟಿದ ದುಡ್ಡಿಗೆ ಏನು ಸಿಗುತ್ತೆ ಅನ್ನೋದನ್ನು ಹೇಳೋಕೆ ಇದನ್ನು ಬರೆಯುತ್ತಿದ್ದೇನೆ.

ಬಂದ ವರ್ಷವೇ ಲಂಡನ್ ಒಲಿಂಪಿಕ್ಸ್. ನೆಟ್ಟಗೆ ಫರ್ನಿಚರ್ ಕೂಡ ಇರಲಿಲ್ಲ, ನೆಲದ ಮೇಲೆ ಚಾಪೆ ಹಾಸಿಕೊಂಡು ನೋಡಿದೆವು. ಬಿಬಿಸಿ ಆ ಹದಿನೈದು ದಿನ 24 ನೇರ ಪ್ರಸಾರಗಳನ್ನು ಒಟ್ಟಿಗೆ ತೆರೆದಿಟ್ಟಿತ್ತು. ಬೆಳಿಗ್ಗೆ ಬಿಲ್ಲುಗಾರಿಕೆ, ಮಧ್ಯಾಹ್ನ ಬ್ಯಾಡ್ಮಿಂಟನ್, ಸಂಜೆ ಬಾಕ್ಸಿಂಗ್‌ನಲ್ಲಿ ಮೇರಿ ಕೋಮ್. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಡಿಸ್ಕಸ್ ಫೈನಲ್‌ಗೆ ಬಂದು ಎಂಟನೆಯವರಾದರು. ಆ ರಾತ್ರಿ ಮನೆಯಲ್ಲಿ ನಾವು ಕೂಗಿದ ಕೂಗು ಪಕ್ಕದ ಮನೆಗೂ ಕೇಳಿಸಿರಬೇಕು. ದೂರದರ್ಶನದ ಕಾಲದಲ್ಲಿ ಒಲಿಂಪಿಕ್ಸ್ ಅಂದರೆ ಅವರು ತೋರಿಸಿದ್ದನ್ನು ನಾವು ನೋಡೋದು. ಇಲ್ಲಿ ಬೇಕಾದ್ದನ್ನು ನಾವೇ ಆರಿಸಿಕೊಂಡೆವು, ನಡುವೆ ಒಂದೂ ಜಾಹೀರಾತಿಲ್ಲದೆ. ಆ ವರ್ಷ ಲೈಸೆನ್ಸ್ ದುಡ್ಡಿನ ಬಗ್ಗೆ ಯಾರಾದರೂ ಗೊಣಗಿದರೆ ನನಗೆ ಅರ್ಥವೇ ಆಗುತ್ತಿರಲಿಲ್ಲ.

ಒಲಿಂಪಿಕ್ಸ್ ಮುಗಿದ ಮೇಲೂ ಟಿವಿ ಬಿಡಲಾಗಲಿಲ್ಲ. ಅದಕ್ಕೆ ಕಾರಣ ಶುಕ್ರವಾರ ಮತ್ತು ಭಾನುವಾರ.

ಶುಕ್ರವಾರ ಸಂಜೆ ಬಿಬಿಸಿ ಟೂನಲ್ಲಿ ಗಾರ್ಡನರ್ಸ್ ವರ್ಲ್ಡ್. 1968ರಿಂದ ನಡೆದುಬಂದ ಕಾರ್ಯಕ್ರಮ. ಮಾಂಟಿ ಡಾನ್ ಹೆರ್‌ಫರ್ಡ್‌ಶೈರ್‌ನ ತಮ್ಮ ತೋಟದಲ್ಲಿ ನಾಯಿಯನ್ನು ಪಕ್ಕದಲ್ಲಿಟ್ಟುಕೊಂಡು ಮಣ್ಣಿಗೆ ಕೈ ಹಾಕುತ್ತಾರೆ. ಕೊನೆಗೆ ಈ ವಾರಾಂತ್ಯ ನೀವು ಮಾಡಬೇಕಾದ ಕೆಲಸ ಇವು ಅಂತ ಎರಡು ಮೂರು ಹೇಳುತ್ತಾರೆ. ನಾನು ಅನ್ನಕ್ಕೆ ಇಟ್ಟು, ಕುಕ್ಕರ್ ಕೂಗುವ ಮೊದಲು ಟಿವಿ ಮುಂದೆ ಕೂರುತ್ತೇನೆ. ಆ ಕೆಲಸಗಳನ್ನು ಫ್ರಿಜ್ ಮೇಲಿನ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಮೊದಲ ವರ್ಷ ಏಪ್ರಿಲ್ ಬಿಸಿಲು ನಂಬಿ ಟೊಮೆಟೊ ಸಸಿ ಹೊರಗಿಟ್ಟಿದ್ದೆ. ಒಂದೇ ರಾತ್ರಿಯ ಫ್ರಾಸ್ಟ್‌ಗೆ ಎಲ್ಲ ಕಪ್ಪಾಗಿ ಬಾಗಿದವು. ಇಲ್ಲಿ ಮೇ ಕೊನೆಯವರೆಗೆ ಕಾಯಬೇಕು ಅಂತ ಗೊತ್ತಾಗಿದ್ದು ಈ ಕಾರ್ಯಕ್ರಮದಿಂದ. ಈಗ ನನ್ನ ಕುಂಡಗಳಲ್ಲಿ ಮೆಂತ್ಯ ಬರುತ್ತೆ, ಕೊತ್ತಂಬರಿ ಬರುತ್ತೆ, ಕಿಟಕಿ ಒಳಗೆ ದೊಡ್ಡಪತ್ರೆ ಬದುಕಿದೆ. ಅವರೆ ಮಾತ್ರ ಇನ್ನೂ ಕಾಯಿ ಕಟ್ಟಿಲ್ಲ.

ಭಾನುವಾರ ಸಂಜೆ ಕಂಟ್ರಿಫೈಲ್. ಕುರಿ, ಗೋಧಿ, ಕೆರೆ ಕಟ್ಟೆ, ರೈತರ ಕಷ್ಟ. ನಮ್ಮ ಮನೆಯಲ್ಲಿ ಅದರೊಳಗೆ ಬರುವ ಇಡೀ ವಾರದ ಹವಾಮಾನಕ್ಕೆ ಎಲ್ಲರೂ ಕಾಯುತ್ತೇವೆ. ಮಗಳ ರೇನ್‌ಕೋಟು, ಬಟ್ಟೆ ಒಗೆಯುವ ದಿನ, ದೋಸೆ ಹಿಟ್ಟನ್ನು ಬಾಯ್ಲರ್ ಪಕ್ಕ ಇಡಬೇಕಾ ಬೇಡವಾ, ಎಲ್ಲ ಆ ಎರಡು ಮೂರು ನಿಮಿಷದಲ್ಲಿ ತೀರ್ಮಾನ.

ತಿಂಗಳಿಗೊಮ್ಮೆ ಬರುವ, ಗ್ರಹ ನಕ್ಷತ್ರಗಳ ಕಾರ್ಯಕ್ರಮ ಸ್ಕೈ ಅಟ್ ನೈಟ್ ಬಗ್ಗೆ ಹೇಳದೆ ಇರಲಾರೆ. ಪ್ಯಾಟ್ರಿಕ್ ಮೂರ್ 1957ರಲ್ಲಿ ಶುರುಮಾಡಿದರು, 2012ರ ಡಿಸೆಂಬರ್‌ನಲ್ಲಿ ತೀರಿಕೊಳ್ಳುವವರೆಗೂ ಅವರೇ ನಡೆಸಿದರು. ಅವರ ಕೊನೆಯ ಕೆಲವು ಕಂತುಗಳನ್ನು ನೋಡುವ ಭಾಗ್ಯ ನನಗೆ ಸಿಕ್ಕಿತು. ಐವತ್ತೈದು ವರ್ಷ ಒಂದೇ ಕಾರ್ಯಕ್ರಮ, ಒಬ್ಬರೇ ಮನುಷ್ಯ, ಅದೇ ಆಕಾಶ. ಈಗ ಮ್ಯಾಗಿ ಅಡೆರಿನ್-ಪೊಕಾಕ್ ಮತ್ತು ಕ್ರಿಸ್ ಲಿಂಟಾಟ್ ನಡೆಸುತ್ತಾರೆ. ಅದು ಮುಗಿದ ಕೂಡಲೇ ನಾನು, ಮಗಳು ಹಿತ್ತಲಿಗೆ ಹೋಗಿ ಮೋಡ ಇಲ್ಲದಿದ್ದರೆ ಗುರುಗ್ರಹ ಹುಡುಕುತ್ತೇವೆ.

ಇಷ್ಟು ಹೊಗಳಿದ ಮೇಲೆ ನನಗೆ ಬೇಜಾರಾದ ವಿಷಯಕ್ಕೆ ಬರುತ್ತೇನೆ. ಕಣ್ಣೆದುರೇ ಆಟಗಳು ಒಂದೊಂದಾಗಿ ಕೈಬಿಟ್ಟು ಹೋಗುತ್ತಿವೆ.

ಫಾರ್ಮುಲಾ ಒನ್ 2015ಕ್ಕೆ ಮುಗಿಯಿತು. ಗಾಲ್ಫ್‌ನ ಓಪನ್ 2016ರಿಂದ ದುಡ್ಡು ಕೊಟ್ಟು ನೋಡುವ ಸ್ಕೈಗೆ ಹೋಯಿತು. ಒಲಿಂಪಿಕ್ಸ್‌ನ ಮುಖ್ಯ ಹಕ್ಕು ಡಿಸ್ಕವರಿ ಪಾಲಾಗಿ, ಟೋಕಿಯೊ ಹೊತ್ತಿಗೆ ಬಿಬಿಸಿಗೆ ಒಮ್ಮೆಗೆ ಎರಡೇ ನೇರ ಪ್ರಸಾರ ಉಳಿದವು. ಇಪ್ಪತ್ತನಾಲ್ಕು ನೋಡಿದ ಕಣ್ಣಿಗೆ ಎರಡು! ಆಕ್ಸ್‌ಫರ್ಡ್-ಕೇಂಬ್ರಿಜ್ ದೋಣಿ ಸ್ಪರ್ಧೆ ಕೂಡ 2026ರಿಂದ ಚಾನೆಲ್ 4ಕ್ಕೆ. ದುಡ್ಡಿರುವ ಸಂಸ್ಥೆಗಳ ಜೊತೆ ಹರಾಜಿನಲ್ಲಿ ಬಿಬಿಸಿ ನಿಲ್ಲಲಾಗದು ಅಂತ ನನಗೆ ಅರ್ಥವಾಗುತ್ತೆ. ಆದರೂ ಲೈಸೆನ್ಸ್ ಹಣ ಮೇಲಕ್ಕೆ, ಆಟಗಳ ಪಟ್ಟಿ ಕೆಳಕ್ಕೆ ಹೋದರೆ ಕಟ್ಟುವವರಿಗೆ ನೋವಾಗಲ್ವಾ?

ನಮ್ಮಂಥವರಿಗೆ ದೊಡ್ಡ ಕೊರತೆ ಕ್ರಿಕೆಟ್. 1938ರಲ್ಲೇ ಟೆಸ್ಟ್ ಪಂದ್ಯ ತೋರಿಸಿದ್ದ ಬಿಬಿಸಿ, 1999ರಲ್ಲಿ ಅದನ್ನು ಚಾನೆಲ್ 4ಕ್ಕೆ ಬಿಟ್ಟುಕೊಟ್ಟಿತು. 2006ರಿಂದ ಸ್ಕೈ. 2020ರಿಂದ ಐದು ವರ್ಷ ಸಂಜೆಯ ಹೈಲೈಟ್ಸ್ ಆದರೂ ಬಿಬಿಸಿಯಲ್ಲಿ ಇತ್ತು. ನಮ್ಮ ತಂಡ ಐದು ಟೆಸ್ಟ್ ಆಡಲು ಬಂದ 2025ರ ಬೇಸಿಗೆಯಲ್ಲೇ ಅದೂ ಚಾನೆಲ್ 5ಕ್ಕೆ ಹೋಯಿತು. ನನ್ನ ತಿಂಗಳ ಲೆಕ್ಕದಲ್ಲಿ ಆ ವರ್ಷ ಲೈಸೆನ್ಸ್ ಸುಮಾರು ಹದಿನಾಲ್ಕೂವರೆ ಪೌಂಡ್ ಇತ್ತು. ಅದರ ಮೇಲೆ ಸ್ಕೈ ಚಂದಾ ಕಟ್ಟಲು ಮನಸ್ಸಿಲ್ಲ, ಕಟ್ಟಿಲ್ಲ.

ಆಗ ಉಳಿದದ್ದು ರೇಡಿಯೋ. ಕ್ರಿಕೆಟ್ ಕಾಮೆಂಟರಿ ಕೊಡುವ ಟೆಸ್ಟ್ ಮ್ಯಾಚ್ ಸ್ಪೆಷಲ್ ಕೂಡ ಬಿಬಿಸಿಯದೇ, 1957ರಿಂದ ಇದೆ, ಅದಕ್ಕೆ ಲೈಸೆನ್ಸ್ ಬೇಡ. ಲಾರ್ಡ್ಸ್‌ನಲ್ಲಿ ಕೆ.ಎಲ್. ರಾಹುಲ್ ನೂರು ಹೊಡೆದಾಗ ನಾನು ಚಪಾತಿ ಲಟ್ಟಿಸುತ್ತಿದ್ದೆ. ಕೊನೆಯ ದಿನ ಓವಲ್‌ನಲ್ಲಿ ಸಿರಾಜ್ ಮತ್ತು ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಸೇರಿ ಆರು ರನ್‌ಗಳಿಂದ ಗೆಲ್ಲಿಸಿಕೊಟ್ಟಾಗ ಆಫೀಸ್ ಲ್ಯಾಪ್‌ಟಾಪ್ ಮುಚ್ಚಿ, ಕಿವಿಗೆ ಇಯರ್‌ಫೋನ್ ಹಾಕಿ ಸುಮ್ನೆ ನಿಂತಿದ್ದೆ. ಆ ಬೇಸಿಗೆ ಅಪ್ಪ ನಮ್ಮ ಜೊತೆ ಇದ್ದರು. ಟ್ರಾನ್ಸಿಸ್ಟರ್ ಕಿವಿಗೊತ್ತಿ ಆಕಾಶವಾಣಿ ಕಾಮೆಂಟರಿ ಕೇಳಿದ ತಲೆಮಾರು ಅವರದು. ಆದರೆ ಇಲ್ಲಿನವರ ಇಂಗ್ಲಿಷ್ ವೇಗ ಅವರಿಗೆ ಹಿಡಿಯಲಿಲ್ಲ. ಸ್ಕೋರು ಎಷ್ಟು, ಯಾರು ಔಟು ಅಂತ ನನ್ನನ್ನೇ ಕೇಳುತ್ತಿದ್ದರು.

ಅಪ್ಪ ಬಂದಿದ್ದು ಏಪ್ರಿಲ್ ಮಧ್ಯದಲ್ಲಿ, ಆರು ತಿಂಗಳ ವೀಸಾದಲ್ಲಿ. ಅರಸೀಕೆರೆಯಲ್ಲಿ ರೈಲ್ವೆ ಕೆಲಸ ಮಾಡಿ ನಿವೃತ್ತರಾದವರು. ಅಮ್ಮ ಹೋದ ಮೇಲೆ ಮೊದಲ ಸಲ ಇಷ್ಟು ದೂರ ಬಂದಿದ್ದರು. ನಾವಿಬ್ಬರೂ ಕೆಲಸಕ್ಕೆ, ಮಗಳು ಶಾಲೆಗೆ. ಹಗಲೆಲ್ಲ ಅವರು ಒಬ್ಬರೇ. ಹೊರಗೆ ಚಳಿ, ಮಾತಿಗೆ ಜನ ಇಲ್ಲ. ನಮ್ಮ ಚಾನೆಲ್ ಹಾಕಿಕೊಡೋಣ ಅಂತ ಒಂದು ಪೆಟ್ಟಿಗೆ ಕೊಂಡಿದ್ದೆವು, ವಾರದೊಳಗೆ ಅದು ಕೆಟ್ಟಿತು. ಮಾರಿದವರು ಫೋನ್ ಎತ್ತಲಿಲ್ಲ.

ಒಂದು ದಿನ ಸಂಜೆ ಬಂದು ನೋಡಿದರೆ ಅಪ್ಪ ಟಿವಿಗೆ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ಬಿಬಿಸಿ ಟೂನಲ್ಲಿ ಹಸಿರು ಮೇಜು, ಕೋಲಿನಿಂದ ಬಣ್ಣದ ಚೆಂಡುಗಳನ್ನು ಗುಂಡಿಗೆ ಹಾಕುವ ಆಟ. ಶೆಫೀಲ್ಡ್‌ನ ಕ್ರೂಸಿಬಲ್ ರಂಗಮಂದಿರದಿಂದ ವಿಶ್ವ ಸ್ನೂಕರ್ ಚಾಂಪಿಯನ್‌ಶಿಪ್. "ಬೆಳಿಗ್ಗೆ ಹತ್ತರಿಂದ ನೋಡ್ತಿದೀನಿ. ಕೇರಂನಲ್ಲಿ ರೆಡ್ ಹಾಕಿದ್ರೆ ಕವರ್ ಹಾಕಬೇಕಲ್ಲ, ಹಾಗೇ ಇದು. ಇಲ್ಲಿ ಪ್ರತಿ ಕೆಂಪಿಗೂ ಕವರ್ ಇದೆ" ಅಂದರು.

ಹದಿಮೂರು ವರ್ಷದಲ್ಲಿ ನಾನು ಸ್ನೂಕರ್ ಬಂದಾಗಲೆಲ್ಲ ಚಾನೆಲ್ ಬದಲಾಯಿಸಿದವಳು. ಅಪ್ಪ ಯಾರೂ ಹೇಳಿಕೊಡದೆ ಒಂದು ದಿನದಲ್ಲಿ ಕಲಿತಿದ್ದರು. ಕೆಂಪಿಗೆ ಒಂದು, ಹಳದಿಗೆ ಎರಡು, ಹಸಿರಿಗೆ ಮೂರು, ಕಂದು ನಾಲ್ಕು, ನೀಲಿ ಐದು, ಗುಲಾಬಿ ಆರು, ಕಪ್ಪು ಏಳು. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಅಂಕ ಬರೆಯುತ್ತಿದ್ದರು. ಕಾಮೆಂಟರಿಯವರು ಹೊಡೆತಕ್ಕೂ ಹೊಡೆತಕ್ಕೂ ನಡುವೆ ತುಂಬ ಹೊತ್ತು ಸುಮ್ಮನಿರುತ್ತಾರೆ. ಮಾತಾಡಿದರೂ ಪಿಸುಮಾತು. ಚೆಂಡಿಗೆ ಚೆಂಡು ತಾಗುವ ಶಬ್ದ ಕೇಳುತ್ತೆ. ಭಾಷೆ ಬಾರದವರಿಗೆ ಇದಕ್ಕಿಂತ ಒಳ್ಳೆಯ ಟಿವಿ ಇಲ್ಲ ಅನಿಸಿತು ನನಗೆ.

ಟೂರ್ನಿಯ ಆ ಹದಿನೇಳು ದಿನ ನಮ್ಮ ಮನೆಗೆ ಹೊಸ ದಿನಚರಿ ಬಂತು. ಬೆಳಗಿನ ಆಟಕ್ಕೆ ಮೊದಲು ಅಪ್ಪನ ಸ್ನಾನ, ಪೂಜೆ, ಉಪ್ಪಿಟ್ಟು. ಮಧ್ಯಾಹ್ನದ ಆಟಕ್ಕೆ ಮೊಸರನ್ನ. ಸಂಜೆಯ ಆಟಕ್ಕೆ ನಾನು ಬಂದು ಕಾಫಿ ಮಾಡಿ ಪಕ್ಕದಲ್ಲಿ ಕೂರುತ್ತಿದ್ದೆ. ಅಪ್ಪ ಒಂದೊಂದಾಗಿ ಹೇಳಿಕೊಡುತ್ತಿದ್ದರು. ಇವನು ಈಗ ಹಾಕೋಕೆ ಹೋಗಲ್ಲ ನೋಡು, ಬಿಳಿ ಚೆಂಡನ್ನ ಹಳದಿ ಹಿಂದೆ ಬಚ್ಚಿಡ್ತಾನೆ. ಹೇಳಿದಂತೆಯೇ ಆಗುತ್ತಿತ್ತು. ನಮ್ಮ ಪಂಕಜ್ ಅಡ್ವಾಣಿ ಯಾಕಿಲ್ಲ ಅಂತ ಕೇಳಿದರು. 2012ರಿಂದ ಎರಡು ಸೀಸನ್ ಇಲ್ಲಿನ ವೃತ್ತಿಪರ ಸುತ್ತಿನಲ್ಲಿ ಆಡಿ ಬೆಂಗಳೂರಿಗೆ ವಾಪಸಾದರು ಅಂದೆ. ಈ ಆಟ 1875ರಲ್ಲಿ ಜಬಲ್‌ಪುರದಲ್ಲಿ ಬ್ರಿಟಿಷ್ ಸೈನ್ಯದವರ ನಡುವೆ ಹುಟ್ಟಿ, ಊಟಿ ಕ್ಲಬ್ಬಿನಲ್ಲಿ ಅದರ ನಿಯಮ ಬರೆದು ಅಂಟಿಸಿದರಂತೆ ಅಂತ ಓದಿ ಹೇಳಿದಾಗ ಅಪ್ಪನ ಮುಖ ಅರಳಿತು. "ಊಟಿನಾ? ಗುಂಡ್ಲುಪೇಟೆ ದಾಟಿದ್ರೆ ಊಟಿ!"

ನನಗೆ ಖುಷಿ ಕೊಟ್ಟ ಇನ್ನೊಂದು ಸಂಗತಿ ಇದೆ. ವನ್ಯಜೀವಿ ಕಾರ್ಯಕ್ರಮಗಳಿಗೆ ಹೆಸರಾದ, ಗೊರಿಲ್ಲಾಗಳ ಮಧ್ಯೆ ಕೂತು ಪಿಸುಗುಟ್ಟಿದ ಡೇವಿಡ್ ಅಟೆನ್‌ಬರೋ 1965ರಿಂದ 1969ರವರೆಗೆ ಇದೇ ಬಿಬಿಸಿ ಟೂ ಮುಖ್ಯಸ್ಥರು. 1967ರಲ್ಲಿ ವಿಂಬಲ್ಡನ್‌ನಿಂದ ಬಣ್ಣದ ಪ್ರಸಾರ ಶುರುವಾಗಿದ್ದು ಅವರ ಕಾಲದಲ್ಲೇ. ಬಣ್ಣದ ಟಿವಿಗೆ ಬಣ್ಣದ ಚೆಂಡುಗಳ ಆಟಕ್ಕಿಂತ ಹೊಂದುವುದು ಯಾವುದು? 1969ರಲ್ಲಿ ಪಾಟ್ ಬ್ಲ್ಯಾಕ್ ಅನ್ನುವ ಸ್ನೂಕರ್ ಕಾರ್ಯಕ್ರಮ ಬಂತು, ಆಟ ಮನೆಮನೆಗೆ ಹೋಯಿತು. 1985ರ ಫೈನಲ್‌ನಲ್ಲಿ ಡೆನಿಸ್ ಟೇಲರ್ ಕೊನೆಯ ಕಪ್ಪು ಚೆಂಡಿನಲ್ಲಿ ಸ್ಟೀವ್ ಡೇವಿಸ್ ಅವರನ್ನು ಸೋಲಿಸಿದಾಗ ನಡುರಾತ್ರಿ ದಾಟಿತ್ತು, 1 ಕೋಟಿ 85 ಲಕ್ಷ ಜನ ಎಚ್ಚರವಿದ್ದು ನೋಡಿದ್ದರು. ತೋಟ, ನಕ್ಷತ್ರ, ಗೊರಿಲ್ಲಾ, ಸ್ನೂಕರ್ ಎಲ್ಲ ಒಂದೇ ಸೂರಿನಡಿ ಬೆಳೆದವು. ಯಾರಿಗೂ ಅವಸರ ಇಲ್ಲದ ಕಾರ್ಯಕ್ರಮಗಳು. ನಾನು ಹಣ ಕಟ್ಟುವುದು ಇದಕ್ಕೆ ಅಂತ ನನಗೆ ಆ ಹದಿನೇಳು ದಿನದಲ್ಲಿ ಗೊತ್ತಾಯಿತು. ಕ್ರಿಕೆಟ್ ಇಲ್ಲದ ಬೇಜಾರು ಹೋಗಿಲ್ಲ, ಆದರೆ ಲೈಸೆನ್ಸ್ ರದ್ದು ಮಾಡುವ ಯೋಚನೆ ಹೋಯಿತು.

ಫೈನಲ್ ದಿನ ಬ್ಯಾಂಕ್ ಹಾಲಿಡೇ, ಎಲ್ಲರೂ ಮನೆಯಲ್ಲೇ ಇದ್ದೆವು. ಅರ್ಹತಾ ಸುತ್ತಿನಿಂದ ಆಡುತ್ತ ಬಂದ ಜಾವೊ ಶಿನ್‌ಟಾಂಗ್ ಮಾರ್ಕ್ ವಿಲಿಯಮ್ಸ್ ಅವರನ್ನು 18-12ರಲ್ಲಿ ಸೋಲಿಸಿ ಚೀನಾದ ಮೊದಲ ವಿಶ್ವ ಚಾಂಪಿಯನ್ ಆದರು. ಐವತ್ತರ ವಿಲಿಯಮ್ಸ್ ಸೋತದ್ದಕ್ಕೆ ಅಪ್ಪನಿಗೆ ದುಃಖ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇಬ್ಬರ ಹೆಸರನ್ನೂ ಕನ್ನಡದಲ್ಲಿ ಬರೆದು ಕೆಳಗೆ ಗೆರೆ ಎಳೆದರು.

ಸೆಪ್ಟೆಂಬರ್‌ನಲ್ಲಿ ಅಪ್ಪ ಊರಿಗೆ ಹೋದರು. ಐಪ್ಲೇಯರ್ ಅಲ್ಲಿ ಬರುವುದಿಲ್ಲ. ಹಾಗಾಗಿ ಟೂರ್ನಿ ಇದ್ದ ದಿನಗಳಲ್ಲಿ ನಾನೇ ನೋಡಿ, ರಾತ್ರಿ ಅಂಕಗಳನ್ನು ವಾಟ್ಸಾಪ್‌ನಲ್ಲಿ ಹಾಕುತ್ತೇನೆ. ಅವರಲ್ಲಿ ಬೆಳಗಾದ ಮೇಲೆ ಫೋನ್ ಬರುತ್ತೆ, ಆ ಚೆಂಡು ಹೇಗೆ ತಪ್ಪಿತು, ಸರಿಯಾಗಿ ಹೇಳು ಅಂತ. ಮುಂದಿನ ಏಪ್ರಿಲ್‌ಗೆ ಟಿಕೆಟ್ ಬುಕ್ ಮಾಡಿದ್ದೇನೆ. ಶೆಫೀಲ್ಡ್‌ನಲ್ಲಿ ಆಟ ಶುರುವಾಗುವ ಮೂರು ದಿನ ಮೊದಲು ಬಂದು ಇಳಿಯುತ್ತಾರೆ. ನೋಟ್‌ಬುಕ್ ಟಿವಿ ಕೆಳಗಿನ ಗೂಡಿನಲ್ಲೇ ಇದೆ.