ಬಿಸಿಲ ನಾಡಿನಲ್ಲಿ ಹಾವಿನ ಪೆಟ್ಟಿಗೆ: ಸಿದ್ಧ ಕಿಟ್ ಕೊಳ್ಳುವವರಿಗೆ ಎಚ್ಚರಿಕೆ

ಹಾವು ಸಾಕುವ ಗಾಜಿನ ಪೆಟ್ಟಿಗೆ, ಅದರ ತಳವನ್ನು ಕಾಯಿಸುವ ಹೀಟ್ ಮ್ಯಾಟ್, ಗೊತ್ತುಮಾಡಿದ ಬಿಸಿ ತಲುಪಿದೊಡನೆ ಮ್ಯಾಟನ್ನು ಆರಿಸುವ ಥರ್ಮೋಸ್ಟಾಟ್ ಮತ್ತು ತೇವಾಂಶ ತೋರಿಸುವ ಮುಳ್ಳಿನ ಮೀಟರ್ ಸೇರಿಸಿ ಮಾರುವ ಸಿದ್ಧ ಕಿಟ್ಟನ್ನು ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆಯವರು ಪರೀಕ್ಷಿಸದೆ ಬಳಸಬಾರದು. ಕಳೆದ ಬೇಸಿಗೆಯಲ್ಲಿ ರಾಯಚೂರಿನ ನಮ್ಮ ಮನೆಯ ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಹೆಬ್ಬಾವು) ಅಂಥ ಪೆಟ್ಟಿಗೆಯಲ್ಲಿ ಹೊಟ್ಟೆ ಸುಟ್ಟುಕೊಂಡಿತು. (ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿದ ವಿದೇಶಿ ಹಾವು ಅದು, ನಮ್ಮ ನಾಡಿನ ಹಾವುಗಳನ್ನು ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆಯುತ್ತದೆ.)

ಬೆಂಗಳೂರಿನ ಮಾರಾಟಗಾರರು ಥರ್ಮೋಸ್ಟಾಟನ್ನು 32 ಡಿಗ್ರಿಗೆ ಇಟ್ಟು, ಅದರ ಸೆನ್ಸರನ್ನು ಗಾಜಿನ ಗೋಡೆಯ ನಡುಭಾಗಕ್ಕೆ ಅಂಟಿಸಿ ಕಳಿಸಿದ್ದರು. ಸೆನ್ಸರ್ ಅಲ್ಲಿದ್ದರೆ ಅಳೆಯುವುದು ಗಾಳಿಯನ್ನು, ಹಾವು ಮಲಗುವ ನೆಲವನ್ನಲ್ಲ. ಕೂಲರ್ ಓಡುವ ಕೋಣೆಯಲ್ಲಿ ಗಾಳಿ 32 ಡಿಗ್ರಿಗೆ ಏರುವುದೇ ಇಲ್ಲವಾದ್ದರಿಂದ ಮ್ಯಾಟ್ ರಾತ್ರಿಯಿಡೀ ಆರಲಿಲ್ಲ. ಹಾವು ನೆಲಕ್ಕೆ ಹಾಸಿದ್ದ ಕೋಕೋಪೀಟನ್ನು (ತೆಂಗಿನ ನಾರಿನ ಪುಡಿ) ಸರಿಸಿಕೊಂಡು ಬರಿಗಾಜಿನ ಮೇಲೆ ಸುರುಳಿ ಸುತ್ತಿ ಮಲಗಿತ್ತು. ಎತ್ತಿ ನೋಡಿದಾಗ ಹೊಟ್ಟೆಯ ಅಗಲವಾದ ಹುರುಪೆಗಳು ಕಂದು ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ನೀರುಗುಳ್ಳೆಗಳೆದ್ದಿದ್ದವು. ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಆ ಗಾಜು 46 ಡಿಗ್ರಿ ತೋರಿಸಿತು. ಸೆನ್ಸರ್ ಇರಬೇಕಾದದ್ದು ಮ್ಯಾಟ್‌ನ ನೇರ ಮೇಲೆ, ನೆಲಮಟ್ಟದಲ್ಲಿ. ಅದನ್ನು ಪೆಟ್ಟಿಗೆಯೊಳಗೆ ಅಂಟುಟೇಪಿನಿಂದಲೂ ಕೂರಿಸಬಾರದು, ಏಕೆಂದರೆ ಟೇಪ್ ಮೈಗೆ ಹತ್ತಿಕೊಂಡರೆ ಚರ್ಮವೇ ಕಿತ್ತುಬರುತ್ತದೆ.

ತೇವಾಂಶದ ಮೀಟರಂತೂ ಇನ್ನೂ ಅಪಾಯಕಾರಿಯಾಗಿತ್ತು. ಬಾಲ್ ಪೈಥಾನ್‌ಗೆ ಸಾಧಾರಣವಾಗಿ ಶೇ. 55ರಿಂದ 65ರಷ್ಟು, ಪೊರೆ ಬಿಡುವ ಹೊತ್ತಿಗೆ ಅದಕ್ಕಿಂತ ಹೆಚ್ಚು ತೇವ ಬೇಕು. ಮೀಟರ್ ಸದಾ 60 ತೋರಿಸುತ್ತಿದ್ದರೂ ಪೊರೆ ಚೂರುಚೂರಾಗಿ ಹರಿದು, ಒಂದು ಕಣ್ಣಿನ ಮೇಲೆ ಹಾಗೆಯೇ ಉಳಿದುಕೊಂಡಿತು. ಆ ಮೀಟರನ್ನು ಮಧ್ಯಾಹ್ನದ ಒಣ ಬಿಸಿಲಿಗೆ ತಂದಿಟ್ಟರೂ ಮುಳ್ಳು 60ರಿಂದ ಕದಲಲಿಲ್ಲ. ಡಿಜಿಟಲ್ ಮೀಟರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ: ಬಾಟಲಿಯ ಮುಚ್ಚಳದಲ್ಲಿ ಒದ್ದೆ ಮಾಡಿದ ಅಡುಗೆ ಉಪ್ಪನ್ನಿಟ್ಟು, ಮೀಟರಿನೊಡನೆ ಗಾಳಿಯಾಡದ ಚೀಲದಲ್ಲಿ ಕೆಲವು ಗಂಟೆ ಮುಚ್ಚಿಟ್ಟರೆ ಅದು 75ರ ಆಸುಪಾಸು ತೋರಿಸಬೇಕು.

ಪಶುವೈದ್ಯರು ಗಾಯಕ್ಕೆ ಔಷಧ ಕೊಟ್ಟು, ಕೋಕೋಪೀಟ್ ತೆಗೆಸಿ ಕಾಗದ ಹಾಸಲು ಹೇಳಿದರು. ಕಣ್ಣಿನ ಮೇಲೆ ಉಳಿದ ಪೊರೆಯನ್ನು ಚಿಮಟದಿಂದ ಎಳೆಯಕೂಡದೆಂದೂ, ಎಳೆದರೆ ಕಣ್ಣಿಗೇ ಹಾನಿಯಾಗುವುದೆಂದೂ ಎಚ್ಚರಿಸಿದರು. ಒದ್ದೆ ಪಾಚಿ ತುಂಬಿದ ಡಬ್ಬಿಯನ್ನು ಅಡಗಲು ಇಟ್ಟ ಮೇಲೆ ಮುಂದಿನ ಪೊರೆಯೊಂದಿಗೆ ಅದೂ ಕಳಚಿತು. ಹೊಟ್ಟೆಯ ಕಲೆ ಇನ್ನೂ ಮಾಸಿಲ್ಲ.

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಷ್ಟವಿರುವುದು ಬಿಸಿ ಕೊಡುವುದರಲ್ಲಲ್ಲ, ಪೆಟ್ಟಿಗೆಯ ಒಂದು ತುದಿಯನ್ನಾದರೂ 26 ಡಿಗ್ರಿಯ ಹತ್ತಿರ ಉಳಿಸಿಕೊಳ್ಳುವುದರಲ್ಲಿ. ಕರೆಂಟ್ ಹೋಗಿ ಕೂಲರ್ ನಿಂತರೆ ತಾರಸಿಯ ಕೆಳಗಿನ ಕೋಣೆ ಬೇಗನೆ ಕಾಯುತ್ತದೆ, ಆಗ ಹಾವಿಗೆ ಸರಿದು ಹೋಗಲು ತಂಪಾದ ಜಾಗವೇ ಇರುವುದಿಲ್ಲ. ಆದ್ದರಿಂದ ಪೆಟ್ಟಿಗೆಯನ್ನು ನೆಲಮಹಡಿಯಲ್ಲಿಡಿ, ಕೂಲರಿನ ಗಾಳಿ ನೇರವಾಗಿ ಬಡಿಯದಂತೆ ನೋಡಿಕೊಳ್ಳಿ, ಮತ್ತು ಹಾವನ್ನು ಬಿಡುವ ಮೊದಲು ಖಾಲಿ ಪೆಟ್ಟಿಗೆಯನ್ನು ಹಗಲು ರಾತ್ರಿ ನಡೆಸಿ, ಎರಡೂ ತುದಿಗಳ ನೆಲದ ಬಿಸಿಯನ್ನು ನೀವೇ ಅಳೆದು ನೋಡಿ.