ಎಲ್‌ಎ-2ಎ ವಾಲ್ವ್ ಕಂಪ್ರೆಸರ್: ನಾಬ್ ಎರಡೇ, ಉಳಿದದ್ದೆಲ್ಲ ಬೆಳಕಿನ ಕೆಲಸ

ಹಾಡುವ ದನಿಗೆ, ಬೇಸ್ ಗಿಟಾರಿಗೆ ಒಂದೇ ಒಂದು ವಾಲ್ವ್ ಕಂಪ್ರೆಸರ್ (ದನಿಯ ಜೋರಾದ ಭಾಗಗಳನ್ನು ಅಮುಕಿ ಮಟ್ಟವನ್ನು ಸಮವಾಗಿಸುವ, ವಾಲ್ವ್‌ಗಳಿಂದ ನಡೆಯುವ ಯಂತ್ರ) ಕೊಳ್ಳುವುದಾದರೆ ಎಲ್‌ಎ-2ಎ ಕೊಳ್ಳಿ. ಡ್ರಮ್ಸ್‌ಗೆ ಬೇಕಿದ್ದರೆ ಇದು ಬೇಡ. 1960ರ ದಶಕದಲ್ಲಿ ಟೆಲಿಟ್ರಾನಿಕ್ಸ್‌ನ ಜಿಮ್ ಲಾರೆನ್ಸ್ ರೂಪಿಸಿದ ಯಂತ್ರವಿದು. ಈಗ ಯೂನಿವರ್ಸಲ್ ಆಡಿಯೋ ತಯಾರಿಸುತ್ತದೆ. ಇದರಲ್ಲಿ ಎಷ್ಟು ಬೇಗ ಅಮುಕಬೇಕು (ಅಟ್ಯಾಕ್), ಎಷ್ಟು ಬೇಗ ಬಿಡಬೇಕು (ರಿಲೀಸ್) ಎಂದು ಹೊಂದಿಸುವ ನಾಬ್‌ಗಳೇ ಇಲ್ಲ. ಇರುವುದು ಎಷ್ಟು ಅಮುಕಬೇಕೆಂಬ ಪೀಕ್ ರಿಡಕ್ಷನ್, ಮಟ್ಟ ಏರಿಸುವ ಗೇನ್. ಟಿ4 ಎಂಬ ಪುಟ್ಟ ಡಬ್ಬಿಯೊಳಗೆ ಒಂದು ಬೆಳಕಿನ ಫಲಕ, ಅದಕ್ಕೆ ಎದುರಾಗಿ ಬೆಳಕನ್ನು ಗ್ರಹಿಸುವ ಫೋಟೋಸೆಲ್. ದನಿ ಏರಿದಷ್ಟೂ ಫಲಕ ಬೆಳಗುತ್ತದೆ, ಫೋಟೋಸೆಲ್ ಸಿಗ್ನಲ್ ತಗ್ಗಿಸುತ್ತದೆ.

ರ‍್ಯಾಕ್‌ನಲ್ಲಿ ಮೂರು ಯೂನಿಟ್ ಎತ್ತರದ ಜಾಗ ಸಾಕು, ಆದರೆ ಮೇಲೆ ಒಂದು ಯೂನಿಟ್ ಖಾಲಿ ಬಿಡಿ, ವಾಲ್ವ್‌ಗಳ ಬಿಸಿ ಹೊರಹೋಗಬೇಕು. ಪ್ಲಗ್ ಹಾಕುವ ಮುನ್ನ ಮೇನ್ಸ್ ವೋಲ್ಟೇಜ್ ಸೆಟ್ಟಿಂಗ್ ನೋಡಿಕೊಳ್ಳಿ. ಆಡಿಯೋ ಇಂಟರ್‌ಫೇಸ್‌ನ (ಕಂಪ್ಯೂಟರಿಗೆ ದನಿ ಸಾಗಿಸುವ ಡಬ್ಬಿ) ಲೈನ್ ಔಟ್‌ನಿಂದ ಬ್ಯಾಲೆನ್ಸ್ಡ್ ಕೇಬಲ್‌ನಲ್ಲಿ ಕಂಪ್ರೆಸರಿನ ಒಳಕ್ಕೆ, ಅದರ ಔಟ್‌ಪುಟ್‌ನಿಂದ ಮತ್ತೆ ಇಂಟರ್‌ಫೇಸ್‌ನ ಲೈನ್ ಇನ್‌ಗೆ. ಮೈಕ್ ಇನ್‌ಪುಟ್‌ಗೆ ಚುಚ್ಚಿದರೆ ದನಿ ಒಡೆದು ಕೇಳುತ್ತದೆ. ಆನ್ ಮಾಡಿ 20 ನಿಮಿಷ ಬಿಸಿಯಾಗಲು ಬಿಡಿ. ಬಳಿಕ ಪೀಕ್ ರಿಡಕ್ಷನ್ ಸೊನ್ನೆಗಿಳಿಸಿ, ಮೀಟರನ್ನು ಗೇನ್ ರಿಡಕ್ಷನ್‌ಗೆ ತಿರುಗಿಸಿ, ಝೀರೋ ಸ್ಕ್ರೂನಿಂದ ಮುಳ್ಳನ್ನು 0ಗೆ ತನ್ನಿ. ತಣ್ಣಗಿರುವಾಗಲೇ ಕೂರಿಸಿದರೆ ಸ್ವಲ್ಪ ಹೊತ್ತಿಗೆ ಮುಳ್ಳು ಸರಿದುಬಿಟ್ಟಿರುತ್ತದೆ.

ಕಂಪ್ರೆಸ್/ಲಿಮಿಟ್ ಸ್ವಿಚ್ ಕಂಪ್ರೆಸ್‌ನಲ್ಲಿರಲಿ. ಹಾಡಿನ ಅತಿ ಜೋರಾದ ಸಾಲನ್ನೇ ಮತ್ತೆ ಮತ್ತೆ ಓಡಿಸುತ್ತ, ಮುಳ್ಳು 3ರಿಂದ 5 ಡೆಸಿಬೆಲ್ ಇಳಿಯುವ ತನಕ ಪೀಕ್ ರಿಡಕ್ಷನ್ ಏರಿಸಿ. ಕಳೆದುಕೊಂಡ ಮಟ್ಟವನ್ನು ಗೇನ್‌ನಿಂದ ತುಂಬಿ. ಕಂಪ್ರೆಸರ್ ಹಾದ ದನಿಯನ್ನೂ ಹಾಯದ ದನಿಯನ್ನೂ ಹೋಲಿಸುವಾಗ ಎರಡೂ ಒಂದೇ ಜೋರಿನಲ್ಲಿರಲಿ, ಇಲ್ಲವಾದರೆ ಜೋರಾಗಿದ್ದದ್ದೇ ಚೆನ್ನಾಗಿ ಕೇಳಿ ಕಿವಿ ಮೋಸಹೋಗುತ್ತದೆ.

ಉದ್ದನೆಯ ಸ್ವರವೊಂದು ನಿಂತ ಕ್ಷಣದಲ್ಲಿ ಮೀಟರ್ ನೋಡಿ. ಮುಳ್ಳು ಸುಮಾರು 60 ಮಿಲಿಸೆಕೆಂಡಿನಲ್ಲಿ 0 ಕಡೆಗೆ ಅರ್ಧ ದಾರಿ ಹಾರಿ ಬರುತ್ತದೆ, ಉಳಿದರ್ಧವನ್ನು ತೆವಳುತ್ತ ಮುಗಿಸುತ್ತದೆ. ಅದಕ್ಕೆ ಅರ್ಧ ಸೆಕೆಂಡ್ ಆಗಬಹುದು, ಹಲವು ಸೆಕೆಂಡೂ ಆಗಬಹುದು. ಎಷ್ಟು ಬಲವಾಗಿ ಎಷ್ಟು ಹೊತ್ತು ಬೆಳಕು ಬಿದ್ದಿತ್ತೋ ಫೋಟೋಸೆಲ್‌ಗೆ ಅಷ್ಟು ನೆನಪು. ದನಿ ಅಮುಕಿದಂತೆ ಕೇಳದೆ ಮೈಗೂಡಿ ಬರುವುದು ಇದರಿಂದಲೇ, ಈ ಗುಣಕ್ಕೆ ಸಾಟಿಯಿಲ್ಲ. ಅಟ್ಯಾಕ್ ಮಾತ್ರ 10 ಮಿಲಿಸೆಕೆಂಡ್, ಡ್ರಮ್ ಪೆಟ್ಟು ಅಷ್ಟರಲ್ಲಿ ದಾಟಿಹೋಗಿರುತ್ತದೆ. ಗಾಯಕರ ದನಿಯಲ್ಲೂ ಚುಚ್ಚುವ ಪೀಕ್‌ಗಳಿದ್ದರೆ 1176ರಂಥ ವೇಗದ ಕಂಪ್ರೆಸರ್ ಮುಂದಿಟ್ಟು ಅವನ್ನಷ್ಟೇ ಹಿಡಿಸಿ. 'ಸ' 'ಶ'ಗಳು ಕಿವಿಗೆ ಕುಟುಕಿದರೆ ಆರ್‌37 ಸ್ಕ್ರೂ ಇದೆ: ಪೂರ್ತಿ ಬಲಕ್ಕಿದ್ದಾಗ ಎಲ್ಲ ಆವರ್ತನಕ್ಕೂ ಒಂದೇ ಸ್ಪಂದನ, ಎಡಕ್ಕೆ ತಿರುಗಿಸಿದಷ್ಟೂ ಮೇಲಿನ ಆವರ್ತನಗಳಿಗೆ ಬೇಗ ಅಮುಕುತ್ತದೆ.

ಪೀಕ್ ರಿಡಕ್ಷನ್ ಎಷ್ಟೇ ತಿರುಗಿಸಿದರೂ ಮುಳ್ಳು ಅಲ್ಲಾಡದಿದ್ದರೆ ಮೊದಲ ಅನುಮಾನ ಫಲಕವನ್ನು ಬೆಳಗಿಸುವ 6ಎಕ್ಯೂ5 ವಾಲ್ವ್ ಮೇಲೆ. ಅದು ಸರಿಯಿದ್ದರೆ ಟಿ4 ದಣಿದಿದೆ, ಸಾಕೆಟ್‌ನಿಂದ ಕಿತ್ತು ಹೊಸದು ಕೂರಿಸಬಹುದು. ಚಟಪಟ ಸದ್ದು, ಗುಂಯ್‌ ಎನ್ನುವ ಸದ್ದು ಬಂದರೆ ಮೊದಲ ಹಂತದ 12ಎಎಕ್ಸ್7 ಬದಲಿಸಿ ನೋಡಿ. ಪವರ್ ಕೇಬಲ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ. ಅದನ್ನು ಡಿಸ್‌ಚಾರ್ಜ್ ಮಾಡಲು ಗೊತ್ತಿಲ್ಲದವರು ಮುಚ್ಚಳ ತೆರೆಯದೆ ರಿಪೇರಿಯವರ ಕೈಗೆ ಕೊಡಿ.