‘ಹತ್ತು ವರ್ಷದ ನಂತರದ ನಾನು’: ಶಾಲೆಗೆ ಬರುವ ಒಂದು ದಿನದ ಶಿಬಿರ ಕೊಡಗಿಗೆ ಎಷ್ಟು ಸಲ್ಲುತ್ತದೆ?

ಕೊಡಗಿನ ಹೈಸ್ಕೂಲು, ಪಿಯು ಕಾಲೇಜುಗಳಿಗೆ ಹೊರಗಿನಿಂದ ಬರುವ ‘ಭವಿಷ್ಯದ ನಾನು’ ಶಿಬಿರಗಳದ್ದು ಹೆಚ್ಚೂಕಡಿಮೆ ಒಂದೇ ಅಚ್ಚು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಒಂದು ದಿನ, ಇಬ್ಬರು ತರಬೇತುದಾರರು, ಒಂದು ಪ್ರೊಜೆಕ್ಟರು, ಮಗುವಿಗೊಂದು ಬಣ್ಣದ ಕಾರ್ಯಪುಸ್ತಕ. ಒಳಗಿರುವುದು ಐದು ಭಾಗ: ಕಣ್ಣು ಮುಚ್ಚಿ ಹತ್ತು ವರ್ಷದ ನಂತರದ ತನ್ನನ್ನು ಕಾಣುವುದು, ಪತ್ರಿಕೆಯ ಚಿತ್ರ ಕತ್ತರಿಸಿ ಚಾರ್ಟಿಗೆ ಅಂಟಿಸುವುದು, ಮುಖಕ್ಕೆ ವಯಸ್ಸು ಹಚ್ಚುವ ಆ್ಯಪು, ತನಗೆ ತಾನೇ ಬರೆದುಕೊಳ್ಳುವ ಪತ್ರ, ಕೊನೆಗೆ ಗುರಿಯ ಹಾಳೆ. ಸಂಸ್ಥೆ ಬದಲಾದರೂ ಈ ಐದು ಬದಲಾಗುವುದಿಲ್ಲ, ಹಾಗಾಗಿ ಹೆಸರು ಹಿಡಿದು ಹೇಳಬೇಕಾದ್ದೇನೂ ಇಲ್ಲ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಐದರಲ್ಲಿ ಪತ್ರ ಮತ್ತು ಗುರಿಯ ಹಾಳೆ ದುಡ್ಡಿಗೆ ಮೋಸವಿಲ್ಲ. ಕಣ್ಣು ಮುಚ್ಚುವ ಭಾಗವನ್ನು ತಿದ್ದಿದರೆ ಉಪಯೋಗಕ್ಕೆ ಬರುತ್ತದೆ. ಚಾರ್ಟು, ಆ್ಯಪು ಎರಡೂ ದಂಡ. ಬೇಸರದ ಸಂಗತಿಯೆಂದರೆ ದಿನದ ಹೆಚ್ಚು ಹೊತ್ತು ತಿನ್ನುವುದು ಆ ದಂಡದ ಭಾಗಗಳೇ. ಗುರಿಯ ಹಾಳೆಗೆ ಉಳಿಯುವುದು ಕೊನೆಯ ಅರ್ಧ ಗಂಟೆ, ಅದೂ ದೂರದ ಮಕ್ಕಳು ಬಸ್ಸಿಗೆ ಹೊತ್ತಾಯಿತೆಂದು ಬ್ಯಾಗು ಹೆಗಲಿಗೇರಿಸಿಕೊಂಡು ಕುಳಿತಿರುವಾಗ.

ಕಣ್ಣು ಮುಚ್ಚುವ ಭಾಗದಿಂದ ಶುರು ಮಾಡೋಣ. ಮೆಲುಸಂಗೀತ ಹಾಕಿ, ‘ನೀವು ಗೆದ್ದಿದ್ದೀರಿ, ಜನ ಚಪ್ಪಾಳೆ ತಟ್ಟುತ್ತಿದ್ದಾರೆ, ಅಪ್ಪ ಅಮ್ಮನ ಕಣ್ಣಲ್ಲಿ ನೀರು’ ಎಂದು ಇಪ್ಪತ್ತು ನಿಮಿಷ ಹೇಳುತ್ತಾ ಹೋಗುತ್ತಾರೆ. ಕಣ್ಣು ಬಿಟ್ಟ ಮೇಲೆ ಬರುವ ಉತ್ತರಗಳೂ ಎಲ್ಲ ಕಡೆ ಅವೇ: ಡಾಕ್ಟರು, ಇಂಜಿನಿಯರು, ಐಎಎಸ್ಸು, ಮಿಲಿಟರಿ ಆಫೀಸರು. ಮಕ್ಕಳಿಗೆ ಖುಷಿಯಾಗುತ್ತದೆ, ನಿಜ. ಆದರೆ ಬೆಲ್ಲ ಎಂದ ಮಾತ್ರಕ್ಕೆ ಬಾಯಿ ಸಿಹಿಯಾಗದು, ಮತ್ತು ಇಲ್ಲಿ ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಗೆಲುವಿನ ಸಿಹಿಯನ್ನು ಮನಸ್ಸಿನಲ್ಲೇ ಉಂಡವರು ಆಮೇಲೆ ಶ್ರಮ ಕಡಿಮೆ ಹಾಕುತ್ತಾರೆ ಎಂಬುದನ್ನು ಮನೋವಿಜ್ಞಾನಿ ಗೇಬ್ರಿಯೆಲೆ ಎಟಿಂಗನ್ ವರ್ಷಗಟ್ಟಲೆ ಪರೀಕ್ಷಿಸಿ ತೋರಿಸಿದ್ದಾರೆ. 1999ರಲ್ಲಿ ಲಿಯೆನ್ ಫಾಮ್ ಮತ್ತು ಶೆಲ್ಲಿ ಟೇಲರ್ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲೂ ಅದೇ ಕಂಡಿತು. ಪರೀಕ್ಷೆಗೆ ಮುಂಚಿನ ದಿನಗಳಲ್ಲಿ ತಾನು ಕೂತು ಓದುತ್ತಿರುವುದನ್ನು ಕಲ್ಪಿಸಿಕೊಂಡವರು ಹೆಚ್ಚು ಓದಿದರು, ಹೆಚ್ಚು ಅಂಕ ತೆಗೆದರು. ಒಳ್ಳೆಯ ಅಂಕ ಬಂದದ್ದನ್ನು ಮಾತ್ರ ಕಲ್ಪಿಸಿಕೊಂಡವರಿಗೆ ಆ ಲಾಭ ಸಿಗಲಿಲ್ಲ.

ಹಾಗಂತ ಈ ಭಾಗವನ್ನು ಬಿಟ್ಟೇಬಿಡಬೇಕಿಲ್ಲ. ಗೆಲುವಿನ ದಿನದ ಬದಲು ಒಂದು ಸಾಧಾರಣ ದಿನ ಕೊಡಿ: ‘2035ರ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ಎಲ್ಲಿದ್ದೀರಿ? ಕೈಯಲ್ಲಿ ಏನಿದೆ? ಎದುರಿಗೆ ಬಂದವರು ನಿಮ್ಮನ್ನು ಏನು ಕೇಳುತ್ತಿದ್ದಾರೆ? ಅದಕ್ಕೆ ಉತ್ತರ ಹೇಳಲು ನಿಮಗೆ ಏನು ಗೊತ್ತಿರಬೇಕು?’ ಹತ್ತು ನಿಮಿಷ ಸಾಕು, ಸಂಗೀತ ಬೇಡ, ಕಣ್ಣು ಮುಚ್ಚಲೇಬೇಕೆಂದಿಲ್ಲ. ಕಾಡಿನ ಕೆಲಸ ಬೇಕೆನ್ನುವ ಹುಡುಗಿಯನ್ನು ತೆಗೆದುಕೊಳ್ಳಿ. ಅವಳ ಮಂಗಳವಾರದಲ್ಲಿ ಕೈಯಲ್ಲಿರುವುದು ಅಳತೆಯ ಟೇಪು. ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಹಿಡಿಯಬೇಕು. ಟೇಪು 94.2 ಸೆಂಟಿಮೀಟರ್ ತೋರಿಸಿತು, 3.14ರಿಂದ ಭಾಗಿಸಿದರೆ ವ್ಯಾಸ 30. ಆ ಲೆಕ್ಕ ಅವಳ ಈಗಿನ ಗಣಿತ ಪುಸ್ತಕದಲ್ಲೇ ಇದೆ. ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವೂ ಇದೆ, ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ದಾರಿ ತೆರೆದಿದೆ. ಹತ್ತು ವರ್ಷದಾಚೆಯ ಚಿತ್ರ ಇವತ್ತಿನ ಪಾಠಕ್ಕೆ ಹೀಗೆ ಗಂಟು ಬಿದ್ದರೆ ಮಾತ್ರ ಹುಡುಗಿ ರಾತ್ರಿ ಪುಸ್ತಕ ತೆರೆಯುತ್ತಾಳೆ. ತರಬೇತುದಾರರಿಗೆ ಈ ಗಂಟು ಹಾಕಲು ಬರುವುದಿಲ್ಲ, ಯಾಕೆಂದರೆ ಊರು ಗೊತ್ತಿಲ್ಲ. ಶಾಲೆಯ ಮೇಷ್ಟ್ರು, ಮೇಡಂ ಪಕ್ಕದಲ್ಲಿ ಕೂತಿರಬೇಕಾದ್ದು ಈ ಕಾರಣಕ್ಕೆ. ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದಲು ಸಿಕ್ಕಿದ ಬಿಡುವಿನ ದಿನ ಇದಲ್ಲ.

ಕಾರ್ಯಪುಸ್ತಕದ ‘ಉದ್ಯೋಗ ಲೋಕ’ದ ಪುಟಗಳೂ ಅದೇ ಕಾಯಿಲೆಯವು. ಪೈಲಟ್ ಇದ್ದಾರೆ, ಅನಿಮೇಟರ್ ಇದ್ದಾರೆ. ಕುಶಾಲನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿಲ್ಲ, ಮಡಿಕೇರಿಯ ಮೆಡಿಕಲ್ ಕಾಲೇಜಿಲ್ಲ, ಐಟಿಐ ಇಲ್ಲ, ಡಿಪ್ಲೊಮಾ ಇಲ್ಲ, ನರ್ಸಿಂಗ್ ಇಲ್ಲ. ‘ಅಪ್ಪನ ತೋಟ ನೋಡಿಕೊಳ್ಳುತ್ತೇನೆ’ ಎಂದು ಬರೆದ ಹುಡುಗನಿಗೆ ‘ಇನ್ನೂ ದೊಡ್ಡ ಕನಸು ಕಾಣು’ ಎಂಬ ಉಪದೇಶ ಬೇರೆ. ತೋಟವೂ ಓದಿನ ಕೆಲಸವೇ ಎಂದು ತೋರಿಸುವ ಒಳ್ಳೆಯ ಅವಕಾಶವನ್ನು ಅಲ್ಲಿ ಕೈಯಾರೆ ಕಳೆದುಕೊಳ್ಳುತ್ತಾರೆ. ಅರೇಬಿಕಾ ಕಾಫಿಯ ಪಾರ್ಚ್‌ಮೆಂಟನ್ನು, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಬೀಜವನ್ನು, ಶೇಕಡಾ 10ರ ತೇವಾಂಶಕ್ಕೆ ಒಣಗಿಸಬೇಕು. ಕಾಫಿ ಗಿಡ ಕೊಲ್ಲುವ ಬಿಳಿ ಕಾಂಡಕೊರಕ ಕೀಟ ಏಪ್ರಿಲ್–ಮೇಯಲ್ಲೊಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ಹಾರುತ್ತದೆ. ಗೊಬ್ಬರದ ಲೆಕ್ಕ, ಬ್ಯಾಂಕಿನ ಬಡ್ಡಿ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಕೇಂದ್ರದವರು ಹೇಳಿದ್ದನ್ನು ಓದಿ ಅರ್ಥ ಮಾಡಿಕೊಳ್ಳುವುದು, ಇವೆಲ್ಲ ಒಂಬತ್ತನೆಯ ತರಗತಿಯ ವಿಜ್ಞಾನ, ಗಣಿತದ ಮೇಲೆಯೇ ನಿಂತಿವೆ.

ಚಾರ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯ ವಾರಪತ್ರಿಕೆಗಳಲ್ಲಿ ಸಿಗುವುದು ಕಾರು, ಬಂಗಲೆ, ಕ್ರಿಕೆಟಿಗರು. ಒಂದೂವರೆ ಗಂಟೆ ಗೋಂದಿನ ಕೆಲಸ, ಮಳೆಗಾಲದಲ್ಲಿ ಅದು ಒಣಗುವುದೂ ಇಲ್ಲ.

ಆ್ಯಪಿನದ್ದು ಬೇರೆಯೇ ತಕರಾರು. ಮುದಿಯಾದ ತಮ್ಮ ಮುಖ ಕಂಡವರು ಹೆಚ್ಚು ಉಳಿತಾಯ ಮಾಡಲು ಒಲವು ತೋರುತ್ತಾರೆಂದು ಹಾಲ್ ಹರ್ಷ್‌ಫೀಲ್ಡ್ ಮತ್ತು ಸಂಗಡಿಗರು 2011ರಲ್ಲಿ ಬರೆದದ್ದು ಸರಿ. ಆದರೆ ಅದು ನಿವೃತ್ತಿಯ ಹಣದ ವಿಚಾರ. ಹದಿನೈದರ ಮಕ್ಕಳ ಕೈಗೆ ಕೊಟ್ಟರೆ ಕ್ಲಾಸು ನಗೆಯಲ್ಲಿ ಬಿದ್ದುಹೋಗುತ್ತದೆ, ಯಾರದೋ ಮುಖಕ್ಕೆ ಹೊಸ ಅಡ್ಡಹೆಸರು ಅಂಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಪ್ಪ ಅಮ್ಮನ ಒಪ್ಪಿಗೆಯಿಲ್ಲದೆ ಮಕ್ಕಳ ಫೋಟೊ ಯಾವುದೋ ಕಂಪನಿಯ ಸರ್ವರಿಗೆ ಹೋಗುವುದನ್ನು ಯಾವ ಹೆಡ್‌ಮಾಸ್ಟರೂ ಬಿಡಬಾರದು.

ಪತ್ರದ ಭಾಗ ಚೆನ್ನಾಗಿದೆ. ಅದನ್ನು ಕೆಡಿಸುವ ವಿಷಯ ಮೂರು. ಒಂದು, ಹತ್ತು ವರ್ಷ ಬಹಳ ದೂರ. ಒಂಬತ್ತನೆಯ ತರಗತಿಯವರಿಗೆ ಆರು ತಿಂಗಳಾಚೆಯ ತನಗೆ ಬರೆಯಲು ಹೇಳಿದರೆ ಪತ್ರದಲ್ಲಿ ನಿಜ ಬರುತ್ತದೆ. ಎರಡು, ‘ಇಮೇಲ್ ಮೂಲಕ ಕಳಿಸುತ್ತೇವೆ’ ಎಂಬ ಭರವಸೆ. ಎಷ್ಟೋ ಮಕ್ಕಳಿಗೆ ಸ್ವಂತ ಇಮೇಲ್ ಇಲ್ಲ, ಮನೆಯಲ್ಲಿರುವ ಒಂದೇ ಫೋನು ಅಪ್ಪನ ಜೇಬಿನಲ್ಲಿ, ಜುಲೈ ಮಳೆಗೆ ಟವರೂ ಇಲ್ಲ. ಕಾಗದದ ಲಕೋಟೆ, ಗೋಂದು, ಮೇಲೆ ಹೆಸರು ಮತ್ತು ತೆರೆಯುವ ತಾರೀಕು, ಬೀಗವಿರುವ ಬೀರು, ಇಷ್ಟೇ ಸಾಕು. ಮೂರನೆಯದು ಕ್ಷಮಿಸಲಾಗದ್ದು: ‘ಚೆನ್ನಾಗಿ ಬಂದ’ ಪತ್ರಗಳನ್ನು ಮೈಕಿನಲ್ಲಿ ಓದುವುದು. ಒಮ್ಮೆ ಓದಿದರೆ ಸಾಕು, ಆಮೇಲೆ ಬರೆಯುವವರೆಲ್ಲ ಮೈಕಿಗೇ ಬರೆಯುತ್ತಾರೆ. ಯಾರೂ ಓದುವುದಿಲ್ಲವೆಂದು ಮೊದಲೇ ಹೇಳಿ, ಆ ಮಾತಿಗೆ ನಡೆದುಕೊಳ್ಳಬೇಕು. ಮನೆಮಾತು ಕೊಡವ ತಕ್ಕ್ ಇರಲಿ, ಅರೆಭಾಷೆ ಇರಲಿ, ಮಲಯಾಳ ಇರಲಿ, ಅದರಲ್ಲೇ ಬರೆಯಲು ಬಿಡಿ. ಕಾಗುಣಿತ ತಿದ್ದಬೇಡಿ.

ಪತ್ರಕ್ಕೆ ನಾಲ್ಕು ಸಾಲಿನ ಚೌಕಟ್ಟು ಕೊಟ್ಟರೆ ಖಾಲಿ ಹಾಳೆ ನೋಡುತ್ತಾ ಕೂರುವವರು ಕಡಿಮೆಯಾಗುತ್ತಾರೆ: ಇವತ್ತು ನನಗೆ ಕಷ್ಟವಾಗಿರುವ ಪಾಠ ಯಾವುದು, ಈ ವಾರ ಅದಕ್ಕೆ ನಾನು ಏನು ಮಾಡುತ್ತೇನೆ, ನಾನು ಏನಾಗಬೇಕು, ಏನಾಗಬಾರದು. ಈ ಕೊನೆಯದು ಕಾರ್ಯಪುಸ್ತಕದಲ್ಲಿ ಇಲ್ಲವೇ ಇಲ್ಲ, ‘ನಕಾರಾತ್ಮಕ ಬೇಡ’ ಎಂಬ ಕಾರಣ ಕೊಡುತ್ತಾರೆ. ಆದರೆ ಮನೋವಿಜ್ಞಾನಿಗಳಾದ ಹೇಜಲ್ ಮಾರ್ಕಸ್ ಮತ್ತು ಪೌಲಾ ನೂರಿಯಸ್ 1986ರಲ್ಲಿ ‘ಭವಿಷ್ಯದ ನಾನು’ ಎಂಬ ಈ ಇಡೀ ವಿಚಾರವನ್ನು ಮುಂದಿಟ್ಟಾಗಲೇ ಬಯಸುವ ನಾನು, ಭಯಪಡುವ ನಾನು ಎರಡನ್ನೂ ಸೇರಿಸಿದ್ದರು. ಎರಡೂ ಜೋಡಿಯಾಗಿದ್ದಾಗ ಒಂದು ಮುಂದಕ್ಕೆ ಎಳೆಯುತ್ತದೆ, ಇನ್ನೊಂದು ಹಿಂದಿನಿಂದ ತಳ್ಳುತ್ತದೆ. ಎಚ್ಚರ ಬೇಕಾದ್ದು ಉದಾಹರಣೆ ಕೊಡುವಲ್ಲಿ. ‘ಓದದಿದ್ದರೆ ಎಸ್ಟೇಟಿನಲ್ಲಿ ಕಾಫಿ ಕುಯ್ಯಬೇಕಾಗುತ್ತದೆ’ ಎಂದು ವೇದಿಕೆಯಿಂದ ಹೇಳಿದರೆ, ಅಮ್ಮ ಕಾಫಿ ಕುಯ್ದ ಕೂಲಿಯಲ್ಲೇ ಓದುತ್ತಿರುವ ಲೈನ್‌ಮನೆಯ ಮಗು ಅಲ್ಲೇ ಮುಚ್ಚಿಕೊಳ್ಳುತ್ತದೆ. ಭಯ ಯಾವುದೆಂದು ಮಗುವೇ ಬರೆಯಲಿ, ಉದಾಹರಣೆ ಬೇಡ, ಹಂಚಿಕೊಳ್ಳುವುದೂ ಬೇಡ. ಬರೆಯುತ್ತಾ ಅಳುವವರು, ಸಾಯುವ ಮಾತಾಡುವವರು ಕಂಡರೆ ಅದು ಪ್ರೇರಣೆಯ ವಿಷಯವಲ್ಲ. ಒಬ್ಬರೇ ಬಿಡದೆ ಜೊತೆಗೆ ಕೂತು ಮಾತಾಡಿಸಿ, ಮನೆಯವರಿಗೆ ತಿಳಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಗುರಿಯ ಹಾಳೆ. ಇದರ ಮೂಲ ಎಟಿಂಗನ್ ಮತ್ತು ಪೀಟರ್ ಗೋಲ್‌ವಿಟ್ಜರ್ ಕಟ್ಟಿದ ಕ್ರಮ: ಆಸೆ, ಅದು ಕೈಗೂಡಿದರೆ ಸಿಗುವ ಅತ್ಯುತ್ತಮ ಫಲ, ದಾರಿಗೆ ಅಡ್ಡ ಬರುವುದು, ‘ಹೀಗಾದರೆ ಹೀಗೆ’ ಎಂಬ ಯೋಜನೆ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಹೈಸ್ಕೂಲು ಮಕ್ಕಳು ಅರ್ಧ ಗಂಟೆ ಇದನ್ನು ಬರೆದ ಮೇಲೆ, ಬರೆಯದವರಿಗಿಂತ ಶೇಕಡಾ 60ಕ್ಕೂ ಹೆಚ್ಚು ಅಭ್ಯಾಸ ಪ್ರಶ್ನೆ ಬಿಡಿಸಿದರು. ಶಿಬಿರದ ಹಾಳೆಯಲ್ಲಿ ನಾಲ್ಕೂ ಕಲಮುಗಳಿವೆ, ತುಂಬಿಸುವ ರೀತಿ ಮಾತ್ರ ಸರಿಯಿಲ್ಲ. ‘ಅಡ್ಡಿ’ಯಲ್ಲಿ ಎಲ್ಲರೂ ‘ಸೋಮಾರಿತನ’ ಎಂದು ಬರೆದಿರುತ್ತಾರೆ, ‘ಯೋಜನೆ’ಯಲ್ಲಿ ‘ನಾಳೆಯಿಂದ ಚೆನ್ನಾಗಿ ಓದುತ್ತೇನೆ’. ಎರಡೂ ಕೆಲಸಕ್ಕೆ ಬಾರದವು. ಅಡ್ಡಿ ಎಂದರೆ ಗಂಟೆ, ಜಾಗ, ಜನ ಸಮೇತ ಇರಬೇಕು. ನಮ್ಮಲ್ಲಿ ಅವೇನೂ ಗುಟ್ಟಲ್ಲ: ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ ಕುಯ್ಲು, ಕೆಲಸಕ್ಕೆ ಜನ ಸಿಗದೆ ಮನೆಮಂದಿಯೆಲ್ಲ ಕಣದಲ್ಲಿ, ಎಸ್‌ಎಸ್‌ಎಲ್‌ಸಿ ಪರೀಕ್ಷೆಯೂ ಆಗಲೇ; ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲ; ಸಂಜೆಯಾದರೆ ತೋಟದ ದಾರಿಯಲ್ಲಿ ಆನೆ, ಟ್ಯೂಷನ್ನಿನ ಮಾತೇ ಇಲ್ಲ. ಯೋಜನೆಯೂ ಅಷ್ಟೇ ಬಿಗಿಯಾಗಿರಲಿ:

‘ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಗಣಿತದ 5 ಲೆಕ್ಕ.’
‘ಏಳು ಗಂಟೆಗೆ ಕರೆಂಟ್ ಹೋದರೆ ಸಮಾಜದ ಪ್ರಶ್ನೆಗಳನ್ನು ತಂಗಿಯ ಎದುರು ಬಾಯಲ್ಲಿ ಹೇಳುತ್ತೇನೆ.’
‘ಭಾನುವಾರ ಕಾಫಿ ಕುಯ್ಯಲು ಕರೆದರೆ, ಹೋಗುವ ಮುಂಚೆ ಬೆಳಿಗ್ಗೆ ಆರರಿಂದ ಏಳೂವರೆ ವಿಜ್ಞಾನ.’

ಒಂದು ಮಗುವಿಗೆ ಇಂಥ ಎರಡು ವಾಕ್ಯ ಸಾಕು. ಆರು ಬರೆಸಿದರೆ ಒಂದೂ ನಡೆಯುವುದಿಲ್ಲ. 625ಕ್ಕೆ ಎಷ್ಟು ತೆಗೆಯುತ್ತೇನೆ ಎಂಬ ಅಂಕಿ ಬರೆಸಲೇಬೇಡಿ, ಅದು ಮನೆಗೆ ಹೋದ ಕ್ಷಣ ಅಪ್ಪನ ಅಂಕಿಯಾಗುತ್ತದೆ.

ಒಂದು ದಿನದ ಮಿತಿಯ ಬಗ್ಗೆಯೂ ಪ್ರಾಮಾಣಿಕವಾಗಿರಬೇಕು. ಡ್ಯಾಫ್ನಾ ಒಯ್ಸರ್‌ಮನ್ ಮತ್ತು ಸಂಗಡಿಗರು ಡೆಟ್ರಾಯಿಟ್‌ನ ಎಂಟನೆಯ ತರಗತಿಯ ಮಕ್ಕಳ ಜೊತೆ ನಡೆಸಿ 2006ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಹಾಜರಿ, ಅಂಕ ಎರಡೂ ಸುಧಾರಿಸಿದವು, ಎರಡು ವರ್ಷದವರೆಗೂ ಪರಿಣಾಮ ಉಳಿಯಿತು. ಶಿಬಿರದವರು ಸ್ಲೈಡಿನಲ್ಲಿ ತೋರಿಸುವುದು ಇದನ್ನೇ. ಹೇಳದೆ ಬಿಡುವುದೇನೆಂದರೆ, ಅದು ವಾರಗಟ್ಟಲೆ ಶಾಲೆಯ ವೇಳಾಪಟ್ಟಿಯೊಳಗೇ ನಡೆದ ಸರಣಿ ತರಗತಿ. ಅದರಲ್ಲಿ ಮಕ್ಕಳು ಇವತ್ತಿನಿಂದ ಭವಿಷ್ಯದವರೆಗೆ ಗೆರೆ ಎಳೆದು, ಕವಲು ಎಲ್ಲಿ, ಅಡ್ಡಿ ಎಲ್ಲಿ ಎಂದು ಗುರುತಿಸುವ ಪಾಠವಿತ್ತು. ನಮ್ಮಲ್ಲಿಗೆ ಬರುವವರು ನಾಲ್ಕು ಗಂಟೆಗೆ ಗಾಡಿ ಹತ್ತಿದ ಮೇಲೆ ಶಿಕ್ಷಕರ ವಾಟ್ಸಾಪ್ ಗುಂಪಿಗೆ ‘ಸ್ಫೂರ್ತಿಯ’ ವಿಡಿಯೊ ಕಳಿಸುತ್ತಾರೆ, ಅಷ್ಟೇ.

ದುಡ್ಡಿಲ್ಲದ ಶಾಲೆ ಇದನ್ನು ತಾನೇ ಮಾಡಬಹುದು. ಮಗುವಿಗೆ ಎರಡು ಎ-4 ಹಾಳೆ, ಒಂದು ಲಕೋಟೆ. ವಾರಕ್ಕೊಂದರಂತೆ 40 ನಿಮಿಷದ ಐದು ಪೀರಿಯಡ್: ಮೊದಲನೆಯದರಲ್ಲಿ ಮಂಗಳವಾರದ ಚಿತ್ರ, ಎರಡನೆಯದರಲ್ಲಿ ಅಲ್ಲಿಂದ ಹಿಂದಕ್ಕೆ ಬರುವ ಗೆರೆ, ಅದರ ಮೇಲೆ ಯಾವ ಪರೀಕ್ಷೆ, ಯಾವ ಕಾಲೇಜು, ಎಷ್ಟು ಫೀಸು, ಯಾವ ವಿದ್ಯಾರ್ಥಿವೇತನ, ಮೂರನೆಯದರಲ್ಲಿ ಪತ್ರ, ನಾಲ್ಕರಲ್ಲಿ ‘ಹೀಗಾದರೆ ಹೀಗೆ’, ಐದನೆಯದನ್ನು ಎರಡು ವಾರ ಬಿಟ್ಟು ಇಟ್ಟುಕೊಂಡು, ಯಾವ ವಾಕ್ಯ ನಡೆಯಿತು, ಯಾವುದು ನಡೆಯಲಿಲ್ಲ ಎಂದು ನೋಡಿ ನಡೆಯದ್ದನ್ನು ಬದಲಿಸುವುದು. ಈ ಐದನೆಯದನ್ನು ಬಿಟ್ಟರೆ ಉಳಿದ ನಾಲ್ಕೂ ವ್ಯರ್ಥ. ಎಂಟನೆಯ ತರಗತಿಯವರಾದರೆ ಎರಡನೆಯ ಪೀರಿಯಡ್‌ನಲ್ಲಿ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕೆ ನಡೆಯುವ ಎನ್‌ಎಂಎಂಎಸ್ ಪರೀಕ್ಷೆಯನ್ನು ಮರೆಯಬೇಡಿ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯಲ್ಲಿ ‘ಓದು ಸಾಕು’ ಎನ್ನುವ ಮಾತನ್ನು ತಡೆಯಲು ಆ ಮೊತ್ತ ಎಷ್ಟೋ ಸಲ ಸಾಕಾಗುತ್ತದೆ.

ಹೊರಗಿನವರನ್ನೇ ಕರೆಸುವುದಾದರೆ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಕಳೆದು ಸೆಪ್ಟೆಂಬರ್ ಎರಡನೆಯ ವಾರದ ಮೇಲೆ ತಾರೀಕು ಕೊಡಿ. ಜೂನ್, ಜುಲೈಯಲ್ಲಿ ಮಳೆ ರಜೆಗೆ ಸಿಕ್ಕಿಬೀಳುತ್ತದೆ, ಜನವರಿಯಲ್ಲಿ ಮಾಡಿದರೆ ಹತ್ತನೆಯವರಿಗೆ ಅದು ಹೆದರಿಕೆಯಾಗುತ್ತದೆಯೇ ಹೊರತು ಪ್ರೇರಣೆಯಾಗುವುದಿಲ್ಲ. ಮುಂಗಡ ಕೊಡುವ ಮೊದಲು ಕೇಳಬೇಕಾದ್ದು ಇಷ್ಟು: ಗುರಿಯ ಹಾಳೆಯನ್ನು ಊಟಕ್ಕೆ ಮುಂಚೆಯೇ ಮಾಡಿಸುತ್ತೀರಾ? ಎರಡು ವಾರ ಬಿಟ್ಟು ಇನ್ನೊಮ್ಮೆ ಬರುತ್ತೀರಾ? ಪತ್ರ ಯಾರೂ ಓದುವುದಿಲ್ಲವೆಂದು ಬರೆದು ಕೊಡುತ್ತೀರಾ? ಕರೆಂಟ್ ಹೋದರೆ ಪ್ರೊಜೆಕ್ಟರ್ ಇಲ್ಲದೆ ಕರಿಹಲಗೆಯ ಮೇಲೆ ನಡೆಸುತ್ತೀರಾ?